ಜಯಲಕ್ಷ್ಮೀ ವಿಲಾಸ: ಕಟ್ಟಡವೂ ಕೈಕೆಲಸವೂ



ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪಡುವಣಕ್ಕೆ, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ದಿಣ್ಣೆಯ ಮೇಲೆ ನಿಂತಿರುವ ಜಯಲಕ್ಷ್ಮೀ ವಿಲಾಸ 1905ರ ಹೊತ್ತಿಗೆ ಪೂರ್ಣಗೊಂಡ ಕಟ್ಟಡ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷಮ್ಮಣ್ಣಿಯವರ ವಾಸಕ್ಕೆಂದು ಇದನ್ನು ಕಟ್ಟಿಸಲಾಯಿತು. ಅವರ ಪತಿ ಸರದಾರ್ ಎಂ. ಕಾಂತರಾಜ ಅರಸರು ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು. ದಸರೆಗೆ ಬರುವ ಜನ ಅಂಬಾ ವಿಲಾಸವನ್ನು ನೋಡುತ್ತಾರೆ, ಜಗನ್ಮೋಹನಕ್ಕೆ ಹೋಗುತ್ತಾರೆ, ಬೆಟ್ಟ ಹತ್ತಿ ಇಳಿದು ಕನ್ನಂಬಾಡಿಯ ಹಾದಿ ಹಿಡಿಯುತ್ತಾರೆ. ವಿಶ್ವವಿದ್ಯಾನಿಲಯದ ಆವರಣದೊಳಗೆ ಇನ್ನೊಂದು ಅರಮನೆಯುಂಟು ಎಂಬುದು ಅವರಲ್ಲಿ ಬಹುಮಂದಿಗೆ ಗೊತ್ತಿಲ್ಲ. ಗೊತ್ತಿರುವವರಿಗೂ ಅದು ಜಾನಪದ ವಸ್ತುಸಂಗ್ರಹಾಲಯವೆಂದು ಪರಿಚಿತವೇ ಹೊರತು, ಕಟ್ಟಡವಾಗಿ ಅಲ್ಲ.

ಈ ಉಪನ್ಯಾಸದ ವ್ಯಾಪ್ತಿ ಆ ಕಟ್ಟಡವಷ್ಟೇ. ಮೊದಲು ಅದು ಎದ್ದ ಕಾಲ ಮತ್ತು ಊರು. ಆಮೇಲೆ ಅದರ ಮುಖಭಾಗ ಮತ್ತು ಒಳಾಂಗಣ. ಮೂರನೆಯದಾಗಿ ಅದರ ಗಾರೆ, ಮರ, ಕಬ್ಬಿಣ, ಗಾಜು. ಕಡೆಗೆ, ಕೈ ಬದಲಾದ ಮೇಲೆ ಅದಕ್ಕೆ ಒದಗಿದ ಗತಿ. ಮೂರನೆಯ ಭಾಗವೇ ಹೆಚ್ಚು ಸಮಯ ಬೇಡುತ್ತದೆ. ಇಂಥ ಕಟ್ಟಡಗಳ ಬಗ್ಗೆ ಬರೆಯುವವರು ಕಣ್ಣಿಗೆ ಬೀಳುವ ಬಣ್ಣದ ಗಾಜನ್ನೂ ಕೆತ್ತನೆಯ ಬಾಗಿಲನ್ನೂ ಹೊಗಳಿ ಮುಗಿಸುವುದು ರೂಢಿ. ಆದರೆ ಕಟ್ಟಡದ ಆಯುಸ್ಸನ್ನು ನಿರ್ಣಯಿಸುವುದು ಕಾಣದ ಕಡೆಯ ಕೆಲಸ: ಗಾರೆಯ ಹಿಂದಿನ ಮಣ್ಣು, ಮುಚ್ಚಿಗೆಯ ಮೇಲಿನ ತೊಲೆ, ತಾರಸಿಯ ಪದರ. ಅರಸು ಮನೆತನದ ವಂಶಾವಳಿಯನ್ನು ಇಲ್ಲಿ ಬಿಟ್ಟುಬಿಡಲಾಗಿದೆ. ಅದಕ್ಕೆ ಬೇರೆ ಗ್ರಂಥಗಳಿವೆ.

ಮೊದಲಿಗೆ ಕಾಲದ ವಿಚಾರ. 1894ರಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ನಾಲ್ವಡಿಯವರಿನ್ನೂ ಬಾಲಕರು. 1902ರವರೆಗೆ ರಾಜ್ಯದ ಹೊಣೆ ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರ ಮೇಲಿತ್ತು. ಆ ನಡುವೆ, 1897ರ ಫೆಬ್ರವರಿಯಲ್ಲಿ, ಹಿರಿಯ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲೇ ಕೋಟೆಯೊಳಗಿನ ಹಳೆಯ ಅರಮನೆಗೆ ಬೆಂಕಿ ಬಿತ್ತು. ಅದು ಬಹುಮಟ್ಟಿಗೆ ಮರದ ಅರಮನೆ, ಉರಿದು ಹೋಯಿತು. ಅದೇ ವರ್ಷ ಹೊಸ ಅರಮನೆಯ, ಅಂದರೆ ಈಗಿನ ಅಂಬಾ ವಿಲಾಸದ ಕೆಲಸ ಶುರುವಾಯಿತು. ಸಿಮ್ಲಾದ ವೈಸ್‌ರಾಯ್ ನಿವಾಸವನ್ನು ರೂಪಿಸಿದ್ದ ಹೆನ್ರಿ ಇರ್ವಿನ್ ಅದರ ವಾಸ್ತುಶಿಲ್ಪಿ. 1912ರಲ್ಲಿ ಮುಗಿದ ಆ ಕೆಲಸಕ್ಕೆ ತಗುಲಿದ ವೆಚ್ಚ 41,47,913 ರೂಪಾಯಿ. ಮತ್ತೆ ಬೆಂಕಿಗೆ ತುತ್ತಾಗಬಾರದೆಂದು ಇರ್ವಿನ್ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಮುಂದೆ ಮಾಡಿದರು. ಮರ ಅಲ್ಲಿ ಬಾಗಿಲು, ಮುಚ್ಚಿಗೆಗಳ ಅಲಂಕಾರಕ್ಕೆ ಸೀಮಿತವಾಯಿತು.

ಜಯಲಕ್ಷ್ಮೀ ವಿಲಾಸ ಎದ್ದದ್ದು ಈ ಹದಿನೈದು ವರ್ಷದ ದೊಡ್ಡ ಕೆಲಸದ ನಟ್ಟನಡುವೆ. ಕಲ್ಲುಕುಟಿಗರು, ಮರಗೆಲಸದವರು, ಗಾರೆಯವರು, ಬಣ್ಣ ಬಳಿಯುವವರು, ಚಿನ್ನದ ರೇಕು ಹಚ್ಚುವವರು ಮೈಸೂರಿನಲ್ಲಿ ಒಟ್ಟಿಗೆ ನೆರೆದಿದ್ದ ಕಾಲ ಅದು. ಅದಕ್ಕಿಂತ ಮೊದಲೂ ಆಮೇಲೂ ಆ ಊರಿನಲ್ಲಿ ಅಷ್ಟು ಕೈಗಳು ಒಂದೇ ಹೊತ್ತಿಗೆ ಸೇರಿದ್ದು ಅಪರೂಪ. ವಿಚಿತ್ರವೆಂದರೆ, ಯಾರ ಮದುವೆಯಲ್ಲಿ ಮರದ ಅರಮನೆ ಬೆಂದುಹೋಯಿತೋ ಅವರಿಗಾಗಿ ಕಟ್ಟಿದ ಈ ಮನೆಯಲ್ಲಿ ಮರಕ್ಕೆ ಧಾರಾಳವಾಗಿ ಎಡೆ ಸಿಕ್ಕಿದೆ. ಮಹಡಿಯ ನೆಲ ಮರದ್ದು, ಮೆಟ್ಟಿಲು ಮರದ್ದು, ಚಾವಣಿ ಹೊತ್ತ ತೊಲೆಗಳಲ್ಲೂ ಬಹಳಷ್ಟು ಮರದವೇ. ಕೋಟೆಯೊಳಗೆ ಕಲಿತ ಪಾಠ ದಿಣ್ಣೆಯ ಮೇಲಕ್ಕೆ ಹತ್ತಲಿಲ್ಲ ಎನ್ನಬೇಕು. ಇಲ್ಲಿ ಬೆಂಕಿಯೇನೋ ಬೀಳಲಿಲ್ಲ. ಮರಕ್ಕೆ ಬೇರೆ ಶತ್ರುಗಳಿದ್ದವು, ಆ ಮಾತು ಮುಂದೆ ಬರುತ್ತದೆ.

ಊರೂ ಆಗ ಕೋಟೆಯ ಹೊರಕ್ಕೆ ಹರಡುತ್ತಿತ್ತು. ಶತಮಾನದ ಕೊನೆಯ ಪ್ಲೇಗು ಇಕ್ಕಟ್ಟಿನ ಕೇರಿಗಳ ಭಯವನ್ನು ಎಲ್ಲರಲ್ಲೂ ಬಿತ್ತಿತ್ತು. 1903ರಲ್ಲಿ ಮೈಸೂರು ನಗರ ಅಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪನೆಯಾಗಿ, ಅಗಲ ಬೀದಿಗಳ ಹೊಸ ಬಡಾವಣೆಗಳು ಮೂಡತೊಡಗಿದವು. ಗಾಳಿ ಬೆಳಕಿನ ಎತ್ತರದ ಜಾಗದಲ್ಲಿ, ಸುತ್ತ ತೋಟ ಬಿಟ್ಟು ಮನೆ ಕಟ್ಟುವುದು ಅರಮನೆಯವರಿಗೂ ಹಿಡಿಸಿದ ಪದ್ಧತಿ. ಇನ್ನಿಬ್ಬರು ರಾಜಕುಮಾರಿಯರಿಗೂ ಇಂಥವೇ ಭವನಗಳಾದವು: ಕಾರಂಜಿ ಕೆರೆಯ ಕಡೆ ಕಾರಂಜಿ ಮ್ಯಾನ್ಷನ್, ಊರಿನ ಇನ್ನೊಂದು ಕಡೆ ಚೆಲುವಾಂಬ ಮ್ಯಾನ್ಷನ್. ಮೊದಲನೆಯದರಲ್ಲಿ ಈಗ ಅಂಚೆ ಇಲಾಖೆಯ ತರಬೇತಿ ಕೇಂದ್ರವಿದೆ. ಎರಡನೆಯದರಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಿದೆ. ಮೂರನ್ನೂ ಒಟ್ಟಿಗಿಟ್ಟು ನೋಡುವ ಅಧ್ಯಯನ ಯಾರಾದರೂ ಕೈಗೆತ್ತಿಕೊಳ್ಳಬೇಕಾದ ಕೆಲಸ.

ಇನ್ನು ಎರಡನೆಯ ವಿಚಾರಕ್ಕೆ, ಮುಖಭಾಗ ಮತ್ತು ಒಳಾಂಗಣಕ್ಕೆ ಬರಬಹುದು. ಕಟ್ಟಡ ಮೂರು ಭಾಗಗಳಾಗಿ ಹರಡಿದೆ. ಒಟ್ಟು 125 ಕೋಣೆ, 300 ಕಿಟಕಿ, ಕೆತ್ತನೆಯುಳ್ಳ 287 ಬಾಗಿಲು ಎಂಬುದು ಕೈಪಿಡಿಗಳು ಕೊಡುವ ಲೆಕ್ಕ. ಎದುರಿಗೆ ನಿಂತವರ ಕಣ್ಣಿಗೆ ಮೊದಲು ಬೀಳುವುದು ಜೋಡಿ ಕಂಬಗಳ ಸಾಲು, ಅದರ ಮೇಲಿನ ತ್ರಿಕೋನ ಮುಡಿ, ಗೋಡೆಯ ಎತ್ತರದಲ್ಲಿ ಮೊಟ್ಟೆಯಾಕಾರದ ಗವಾಕ್ಷಿಗಳು. ಇದೆಲ್ಲ ಗ್ರೀಕ್ ಮತ್ತು ರೋಮನ್ ಮೂಲದ, ಯೂರೋಪಿನ ಪುನರುಜ್ಜೀವನ ಕಾಲದಲ್ಲಿ ಮತ್ತೆ ಬಳಕೆಗೆ ಬಂದ, ಬ್ರಿಟಿಷರ ಮೂಲಕ ಮದರಾಸು, ಬೆಂಗಳೂರುಗಳಿಗೆ ತಲುಪಿದ ಶೈಲಿ. ಇರ್ವಿನ್ ಕೋಟೆಯೊಳಗೆ ಗುಮ್ಮಟ, ಕಮಾನು, ಛತ್ರಿಗಳನ್ನು ಕೂಡಿಸಿ ಇಂಡೋ-ಸಾರ್ಸೆನಿಕ್ ಎಂಬ ಮಿಶ್ರ ಶೈಲಿಯನ್ನು ಎಬ್ಬಿಸುತ್ತಿದ್ದಾಗ, ಈ ದಿಣ್ಣೆಯ ಮೇಲೆ ಅಪ್ಪಟ ಪಾಶ್ಚಾತ್ಯ ಮುಖ ಎದ್ದಿತು. ಸಿಂಹಾಸನವಿರುವ ಅರಮನೆ ದೇಶೀಯವಾಗಿ ಕಾಣಬೇಕು, ವಾಸದ ಬಂಗಲೆ ಹೊಸ ಕಾಲದ್ದಾಗಿ ಕಾಣಬೇಕು ಎಂಬ ಎಣಿಕೆ ಇದರ ಹಿಂದೆ ಇದ್ದಂತೆ ತೋರುತ್ತದೆ.

ಕಂಬಗಳಲ್ಲಿ ಎರಡು ಬಗೆ. ಒಂದು ಅಯೋನಿಕ್: ತಲೆಯ ಎರಡು ಬದಿಗೂ ಸುರುಳಿ ಸುತ್ತಿದ ಬೋದಿಗೆ. ಇನ್ನೊಂದು ಕೊರಿಂಥಿಯನ್: ಅಂಚು ಅಂಚಾಗಿ ಸೀಳಿದ ಎಲೆಗಳು ಸುತ್ತಲೂ ಮೇಲೆದ್ದು ತುದಿಯಲ್ಲಿ ಬಾಗುವ ಬೋದಿಗೆ. ಆ ಎಲೆ ಮೆಡಿಟರೇನಿಯನ್ ಕಡಲ ಸುತ್ತಿನ ಅಕಾಂಥಸ್ ಗಿಡದ್ದು. ಮೈಸೂರಿನ ಗಾರೆಯವನು ಆ ಗಿಡವನ್ನು ಕಂಡಿರಲಿಕ್ಕಿಲ್ಲ. ಅವನಿಗೆ ಸಿಕ್ಕಿದ್ದು ಮಾದರಿ ಚಿತ್ರ. ಕೈಗೆ ಅಭ್ಯಾಸವಿದ್ದದ್ದು ಗೋಪುರದ ಲತೆ, ಸಿಂಹಮುಖದ ಬಾಯಿಂದ ಹೊರಟ ಬಳ್ಳಿ. ಈ ನಾಡಿನಲ್ಲಿ ಪಾಶ್ಚಾತ್ಯ ಬೋದಿಗೆಗಳನ್ನು ಹತ್ತಿರದಿಂದ ನೋಡುವವರು ಎಲೆಯ ತಿರುವಿನಲ್ಲಿ ಆ ಹಳೆಯ ಅಭ್ಯಾಸ ಎಲ್ಲಿ ಇಣುಕುತ್ತದೆ ಎಂದು ಹುಡುಕಿದರೆ ಶ್ರಮ ವ್ಯರ್ಥವಾಗುವುದಿಲ್ಲ.

ಕಂಬಗಳನ್ನು ಒಂಟಿಯಾಗಿ ನಿಲ್ಲಿಸದೆ ಜೋಡಿಸಿ ನಿಲ್ಲಿಸಿದ್ದರಿಂದ ಎರಡು ಲಾಭ. ಉದ್ದನೆಯ ಮುಖಭಾಗದಲ್ಲಿ ಒಂಟಿ ಕಂಬಗಳ ಸಾಲು ಬೇಲಿಯ ಗೂಟದಂತೆ ಬಡಕಲಾಗಿ ಕಾಣುತ್ತದೆ. ಜೋಡಿ ನಿಂತಾಗ ನೆರಳು ದಟ್ಟವಾಗಿ, ಮುಖಕ್ಕೆ ತೂಕ ಬರುತ್ತದೆ. ಜೋಡಿಯಿಂದ ಜೋಡಿಗೆ ಅಂತರ ಹೆಚ್ಚಿಸಬಹುದಾದ್ದರಿಂದ ಹಿಂದಿನ ಪಡಸಾಲೆಗೆ ಬೆಳಕೂ ಸಾಕಷ್ಟು ಸಿಗುತ್ತದೆ.

ಮೊಟ್ಟೆಯಾಕಾರದ ಗವಾಕ್ಷಿಗಳನ್ನು ಅಲಂಕಾರವೆಂದು ತಿಳಿಯುವುದು ಸುಲಭ. ಅವು ಕೆಲಸಕ್ಕೆಂದೇ ಇರುವವು. ಎತ್ತರದ ಕೋಣೆಯಲ್ಲಿ ಬಿಸಿಗಾಳಿ ಮೇಲೇರಿ ಮುಚ್ಚಿಗೆಯ ಕೆಳಗೆ ನಿಲ್ಲುತ್ತದೆ. ಅಲ್ಲೇ ಒಂದು ಕಂಡಿ ಇದ್ದರೆ ಅದು ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಇಲ್ಲಿ ಒಂದು ವರ್ಷವನ್ನು ನೆನಪಿಡಬೇಕು: ಮೈಸೂರು ನಗರಕ್ಕೆ ವಿದ್ಯುತ್ ಬಂದದ್ದು 1908ರಲ್ಲಿ. ಶಿವನಸಮುದ್ರದ ಶಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹೋಗಿತ್ತಾದರೂ, ಈ ಮನೆ ಮುಗಿದಾಗ ಊರಿನಲ್ಲಿ ಬೀಸಣಿಗೆ ತಿರುಗಿಸುವ ತಂತಿಯಿರಲಿಲ್ಲ, ಬಲ್ಬೂ ಇರಲಿಲ್ಲ. ಎತ್ತರದ ಕೋಣೆ, ಎಣಿಸಲಾರದಷ್ಟು ಕಿಟಕಿ, ತಲೆಯ ಮೇಲೆ ಗಾಜು, ಇವೆಲ್ಲ ದೀಪದೆಣ್ಣೆಯ ಕಾಲದವರು ಗಾಳಿ ಬೆಳಕಿಗೆ ಮಾಡಿಕೊಂಡ ಏರ್ಪಾಡು.

ಮುಖ ಪಾಶ್ಚಾತ್ಯ, ಒಡಲು ಬೇರೆ. ಒಳಗೆ ಹೋದವರನ್ನು ತಡೆದು ನಿಲ್ಲಿಸುವುದು ಕಲ್ಯಾಣ ಮಂಟಪ. ಯೂರೋಪಿನ ಬಂಗಲೆಯ ನಕ್ಷೆಯಲ್ಲಿ ಇಂಥದೊಂದು ಜಾಗವೇ ಇಲ್ಲ. ಅರಸು ಮನೆತನದ ಮದುವೆ, ಹಬ್ಬ, ಪೂಜೆ, ಆರತಿಗಳಿಗೆ ಮನೆಯ ಒಳಗೇ ಒಂದು ದೊಡ್ಡ ನಡುಮನೆ ಬೇಕು. ಅದರ ಸುತ್ತ, ಮಹಡಿಯ ಮೇಲೂ ಹೆಂಗಸರು ನಿಂತು ನೋಡಲು ಎಡೆ ಬೇಕು. ಕೋಟೆಯೊಳಗಿನ ಹೊಸ ಅರಮನೆಯಲ್ಲೂ ಕಲ್ಯಾಣ ಮಂಟಪಕ್ಕೆ ಎಂಟು ಮೂಲೆಯ ಆಕಾರ, ಕಬ್ಬಿಣದ ಕಂಬ, ಬಣ್ಣದ ಗಾಜಿನ ಗುಮ್ಮಟ. ಜಯಲಕ್ಷ್ಮೀ ವಿಲಾಸದ್ದು ಅದೇ ಕಲ್ಪನೆಯ ಚಿಕ್ಕ ರೂಪ: ಎಂಟು ಮುಖದ ಗುಮ್ಮಟ, ಅದರಲ್ಲಿ ಬಣ್ಣದ ಗಾಜು, ಹೊರಗಡೆ ತುದಿಯಲ್ಲಿ ಚಿನ್ನದ ಲೇಪದ ಛತ್ರಿ. ಇದಲ್ಲದೆ ನೃತ್ಯದ ಹಾಲು, ಖಾಸಾ ಬಂಗಲೆ ಎಂದು ಕರೆಯುವ ಭಾಗ, ಭುವನೇಶ್ವರಿ ಮಂಟಪ ಇವೆ. ಈ ಹೆಸರುಗಳಲ್ಲೇ ಮನೆಯ ಎರಡು ಮುಖ ಕಾಣುತ್ತವೆ. ಒಂದು ಕಡೆ ಅತಿಥಿಗಳನ್ನು ಕರೆದು ಕೂರಿಸುವ ಅಧಿಕಾರದ ಮನೆ, ಇನ್ನೊಂದು ಕಡೆ ಆಚಾರ ನಡೆಯುವ ಸಂಸಾರದ ಮನೆ.

ಹೀಗೆ ಆಕಾರದ ಪರಿಚಯ ಮಾಡಿಕೊಂಡ ಮೇಲೆ ಮೂರನೆಯ ಭಾಗಕ್ಕೆ, ವಸ್ತು ಮತ್ತು ಕೈಕೆಲಸಕ್ಕೆ ಹೋಗಬಹುದು. ಗೋಡೆಯಿಂದ ಆರಂಭಿಸುವುದು ಸರಿ.

ಜಯಲಕ್ಷ್ಮೀ ವಿಲಾಸದ ಗೋಡೆಗಳು ಇಟ್ಟಿಗೆಯವು. ಇಟ್ಟಿಗೆಯನ್ನು ಕೂರಿಸಿರುವುದು ಮಣ್ಣಿನಲ್ಲಿ. ರಾಜಕುಮಾರಿಯ ಅರಮನೆಯ ಗೋಡೆಯನ್ನು ಮಣ್ಣಿನಲ್ಲಿ ಕಟ್ಟಿದರೆಂದರೆ ಇಂದಿನವರು ಹುಬ್ಬೇರಿಸಬಹುದು. ಆ ಕಾಲಕ್ಕೆ ಅದರಲ್ಲಿ ಅಚ್ಚರಿಯೇನಿಲ್ಲ. ಗೋಡೆ ದಪ್ಪವಾಗಿದ್ದರೆ ಮಣ್ಣು ತೂಕವನ್ನು ಚೆನ್ನಾಗಿ ಹೊರುತ್ತದೆ, ಒಳಗೆ ತಂಪಾಗಿಡುತ್ತದೆ, ಅಗ್ಗವೂ ಹೌದು. ಅದಕ್ಕೆ ಒಂದೇ ಷರತ್ತು, ನೀರು ತಾಗಬಾರದು. ಆ ರಕ್ಷಣೆಯನ್ನು ಕೊಡುವುದು ಮೇಲಿನ ಸುಣ್ಣದ ಗಾರೆ. ಹಾಗಾಗಿ ಇಂಥ ಗೋಡೆಯಲ್ಲಿ ಗಾರೆ ಬರಿಯ ಬಣ್ಣ ಬಳಿಯುವ ಮೈಯಲ್ಲ, ಗೋಡೆಯ ಜೀವ ಹಿಡಿದಿಟ್ಟ ಚರ್ಮ.

ಗಾರೆಯ ಕೆಲಸ ನಿಧಾನದ್ದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಗುಂಡಿಯಲ್ಲಿ ದಿನಗಟ್ಟಲೆ ಕೊಳೆಯಲು ಬಿಡಬೇಕು. ಆಮೇಲೆ ಮರಳು, ಕೆಲವೆಡೆ ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿಸಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅರೆಯಬೇಕು. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆಸುವುದು ದಕ್ಷಿಣದ ವಾಡಿಕೆ. ಬಳಿದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ಇಂಥ ಗಾರೆ ಉಸಿರಾಡುತ್ತದೆ: ಗೋಡೆಯೊಳಗೆ ಹೊಕ್ಕ ತೇವ ಅದರ ಮೂಲಕ ಹೊರಗೆ ಆರಿಹೋಗುತ್ತದೆ.

ಕಿಟಕಿಯ ಸುತ್ತಿನ ಪಟ್ಟಿ, ಕಾರ್ನಿಸಿನ ಏರಿಳಿತ, ಕಂಬದ ಬುಡದ ಬಳೆ, ಇಂಥವನ್ನು ಗಾರೆಯಲ್ಲಿ ತೆಗೆಯುವ ಕ್ರಮ ನೋಡುವಂಥದ್ದು. ಬೇಕಾದ ಅಡ್ಡಸೀಳಿನ ಆಕಾರವನ್ನು ತಗಡಿನಲ್ಲಿ ಕತ್ತರಿಸಿ, ಅದನ್ನೊಂದು ಹಲಗೆಗೆ ಬಡಿಯುತ್ತಾರೆ. ಗೋಡೆಗೆ ಮೊದಲು ಒರಟು ಗಾರೆ ತುಂಬುತ್ತಾರೆ. ಅದು ಅರೆಬಿಗಿಯಾಗಿರುವಾಗ, ನೇರವಾಗಿ ಕಟ್ಟಿದ ರೀಪಿನ ಮೇಲೆ ಆ ಹಲಗೆಯನ್ನು ಒತ್ತಿ ಎಳೆಯುತ್ತಾರೆ. ಎಳೆದಂತೆಲ್ಲ ಹೆಚ್ಚಿನದು ಉದುರಿ, ಕಡಿಮೆಯಾದ ಕಡೆ ಹೊಸ ಗಾರೆ ತುಂಬಿ, ಹತ್ತಾರು ಸಲ ಎಳೆದ ಮೇಲೆ ಉದ್ದಕ್ಕೂ ಒಂದೇ ಅಚ್ಚಿನ ಪಟ್ಟಿ ಮೂಡುತ್ತದೆ. ಕೈ ಎಲ್ಲಾದರೂ ನಡುಗಿದರೆ, ಓರೆ ಬಿಸಿಲು ಬಿದ್ದಾಗ ಅದು ಅಲೆಯಾಗಿ ಕಾಣುತ್ತದೆ. ಮೂಲೆಗಳಲ್ಲಿ ಹಲಗೆ ತಿರುಗುವುದಿಲ್ಲ. ಅಲ್ಲಿ ಚಿಕ್ಕ ಕರಣೆಯಿಂದ ಕೈಯಲ್ಲೇ ಕೂಡಿಸಬೇಕು. ಗಾರೆಯವನ ತರಗತಿ ತಿಳಿಯಬೇಕೆಂದರೆ ನೋಡಬೇಕಾದದ್ದು ಮೂಲೆಯನ್ನು.

ಗೋಡೆಯ ನಂತರ ತಾರಸಿ. ಆ ಕಾಲದ ಮೈಸೂರು, ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿ ಬಳಕೆಯಲ್ಲಿದ್ದದ್ದು ಮದರಾಸು ತಾರಸಿ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಡ್ಡವಾಗಿ ಸಣ್ಣ ಜಂತಿಗಳು. ಜಂತಿಗಳ ಮೇಲೆ ತೆಳ್ಳನೆಯ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆ ಸಾಲಾಗಿ ಸುಣ್ಣದಲ್ಲಿ ಕೂಡಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ ಹಾಕಿ, ಸಾಲಾಗಿ ಕೂತ ಹೆಂಗಸರು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿದಷ್ಟೂ ಅದು ಗಟ್ಟಿ. ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಈ ತಾರಸಿ ಒಣಗಿದ್ದಷ್ಟು ಕಾಲ ನೂರು ವರ್ಷಕ್ಕೂ ಜಗ್ಗದು. ಹೆಂಚಿನ ಸಂದಿ ಬಿಟ್ಟು, ಅರಳಿಯ ಬೇರು ಇಳಿದು, ಜಂತಿಯ ತಲೆಗೆ ನೀರು ತಲುಪಿತೆಂದರೆ ಅಲ್ಲಿಗೆ ತೊಂದರೆ ಶುರು. ಜಂತಿಯ ತುದಿ ಗೋಡೆಯೊಳಗೆ ಹೂತಿರುವುದರಿಂದ ಅದು ಕೊಳೆಯುವುದು ಯಾರಿಗೂ ಕಾಣುವುದಿಲ್ಲ. ಕಾಣುವುದು ಕುಸಿದ ಮೇಲೆಯೇ.

ಇನ್ನು ಮರಗೆಲಸ. ಮೈಸೂರು ಸೀಮೆಗೆ ಕಾಕನಕೋಟೆಯಂಥ ಕಾಡುಗಳು ಹತ್ತಿರ. ತೇಗ, ಬೀಟೆ, ಹೊನ್ನೆ, ಮತ್ತಿ ಧಾರಾಳವಾಗಿ ಸಿಗುತ್ತಿದ್ದ ಕಾಲ. ಒಂದೊಂದಕ್ಕೂ ಒಂದೊಂದು ಕೆಲಸ. ತೇಗಕ್ಕೆ ತನ್ನದೇ ಎಣ್ಣೆಯಿದ್ದು ಗೆದ್ದಲು ಬೇಗ ಹತ್ತದು, ಬಿಸಿಲು ಮಳೆಗೆ ಸೊಟ್ಟಗಾಗದು. ಕಿಟಕಿ ಬಾಗಿಲಿಗೆ ಅದೇ ಸರಿ. ಬೀಟೆ ಗಡುಸು, ಕಪ್ಪು ಕೆಂಪು ಎಳೆಯ ಚೆಲುವು, ಸಣ್ಣ ಕುಸುರಿಯನ್ನು ಮುಕ್ಕಾಗದಂತೆ ಹಿಡಿದಿಡುವ ಗುಣ. ತೋರಿಕೆಯ ಬಾಗಿಲಿಗೆ, ಪೀಠೋಪಕರಣಕ್ಕೆ ಅದು. ಬೀಟೆಯಲ್ಲಿ ದಂತವನ್ನೂ ಬೇರೆ ಬಣ್ಣದ ಮರವನ್ನೂ ಕೂರಿಸುವ ಕೆತ್ತುಗೆಲಸಕ್ಕೆ ಮೈಸೂರು ಆಗಲೇ ಹೆಸರಾಗಿತ್ತು. ಅಂಬಾ ವಿಲಾಸದ ಬಾಗಿಲುಗಳು ಅದಕ್ಕೆ ಸಾಕ್ಷಿ.

ಒಂದು ಬಾಗಿಲನ್ನು ಬಿಡಿಸಿ ನೋಡುವುದು ಉಪಯುಕ್ತ. ಹಳ್ಳಿಯ ಮನೆಯ ಬಾಗಿಲಿನ ಕದವೆಂದರೆ ದಪ್ಪ ಹಲಗೆಗಳನ್ನು ಪಕ್ಕಪಕ್ಕ ಕೂಡಿಸಿ ಹಿಂದೆ ಪಟ್ಟಿ ಬಡಿದದ್ದು. ಬಂಗಲೆಯ ಬಾಗಿಲಿನದು ಬೇರೆ ಕ್ರಮ. ನಿಂತ ಪಟ್ಟಿ, ಅಡ್ಡ ಪಟ್ಟಿಗಳ ಚೌಕಟ್ಟು ಮೊದಲು. ಅಡ್ಡ ಪಟ್ಟಿಯ ತುದಿಯನ್ನು ನಾಲಿಗೆಯಾಗಿ ಕೆತ್ತಿ, ನಿಂತ ಪಟ್ಟಿಯ ತೂತಿಗೆ ಕೂರಿಸಿ, ಅಡ್ಡಲಾಗಿ ಬಿದಿರಿನ ಮೊಳೆ ಹೊಡೆದು ಬಿಗಿ ಮಾಡುತ್ತಾರೆ. ಚೌಕಟ್ಟಿನ ಒಳ ಅಂಚಿನಲ್ಲಿ ಕಾಲುವೆ ತೆಗೆದು, ಕೆತ್ತನೆಯ ಹಲಗೆಯನ್ನು ಅದರಲ್ಲಿ ಸಡಿಲವಾಗಿ ಇಳಿಬಿಡುತ್ತಾರೆ. ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಕಾರಣವಿಷ್ಟೆ: ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಬಿಗಿಯಾಗಿ ಹೊಡೆದರೆ ಕೆತ್ತಿದ ಹಲಗೆ ನಡುವೆ ಸೀಳುತ್ತದೆ. ಸಡಿಲವಿದ್ದರೆ ಕಾಲುವೆಯಲ್ಲೇ ಸರಿದಾಡಿಕೊಂಡು ಬಾಳುತ್ತದೆ. ಇಂದು ಅನೇಕ ಹಳೆಯ ಬಾಗಿಲುಗಳು ಸೀಳಿರುವುದು ಕಾಲದ ದೋಷದಿಂದಲ್ಲ. ಯಾವಾಗಲೋ ಒಬ್ಬರು ಅಲುಗಾಡುತ್ತದೆಂದು ಮೊಳೆ ಹೊಡೆದಿರುತ್ತಾರೆ, ಇಲ್ಲವೇ ಸಂದಿಗೆ ದಪ್ಪನೆ ಬಣ್ಣ ತುಂಬಿರುತ್ತಾರೆ.

287 ಬಾಗಿಲುಗಳೂ ಒಂದೇ ತರಗತಿಯವಾಗಿರಲಾರವು, ಇರಬೇಕಾದ್ದೂ ಇಲ್ಲ. ಇಂಥ ಮನೆಗಳಲ್ಲಿ ಬಾಗಿಲಿನ ಕೆತ್ತನೆ ಕೋಣೆಯ ಅಂತಸ್ತನ್ನು ಹೇಳುತ್ತದೆ. ಅತಿಥಿ ಹಾಯುವ ಬಾಗಿಲಿಗೆ ಎರಡೂ ಮುಖ ಕೆತ್ತನೆ, ಒಳಮನೆಯ ಬಾಗಿಲಿಗೆ ಒಂದೇ ಮುಖ, ಆಳುಕಾಳಿನ ಓಡಾಟದ ಬಾಗಿಲಿಗೆ ಸಾದಾ ಹಲಗೆ. ಮನೆಯೊಳಗೆ ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ.

ಮರದಿಂದ ಕಬ್ಬಿಣಕ್ಕೆ ಬರಬಹುದು. ಒಳಗಿನ ಚಾವಣಿಯನ್ನು ಅಲ್ಲಲ್ಲಿ ಹೊತ್ತಿರುವುದು ಎರಕದ ಕಬ್ಬಿಣದ ಕಂಬಗಳು. ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಹೊಯ್ದು ತೆಗೆದ ಕಂಬ ಒಳಗೆ ಟೊಳ್ಳು, ಹೊರಗೆ ಹೂ ಬಳ್ಳಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಥವು ಪಟ್ಟಿ ಪುಸ್ತಕ ನೋಡಿ ತರಿಸಿಕೊಳ್ಳುವ ಸರಕಾಗಿದ್ದವು. ಅಂಬಾ ವಿಲಾಸದ ಕಲ್ಯಾಣ ಮಂಟಪದ ಕಬ್ಬಿಣ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯ ಸಾರಾಸೆನ್ ಎರಕಶಾಲೆಯಿಂದ ಬಂದದ್ದು. ಎರಕದ ಕಬ್ಬಿಣ ಒತ್ತುವ ಭಾರವನ್ನು ಅಗಾಧವಾಗಿ ತಾಳುತ್ತದೆ. ಎಳೆತಕ್ಕೆ, ಬಾಗಿಸುವುದಕ್ಕೆ ಒಗ್ಗುವುದಿಲ್ಲ, ಫಟ್ಟನೆ ಒಡೆಯುತ್ತದೆ. ಆದ್ದರಿಂದ ನೆಟ್ಟಗೆ ನಿಲ್ಲುವ ಕಂಬಕ್ಕೆ ಅದು ತಕ್ಕ ಲೋಹ. ಕಲ್ಲಿನ ಕಂಬವಾದರೆ ತೋಳು ಬಳಸಿದರೂ ಸಿಗದಷ್ಟು ದಪ್ಪವಾಗಬೇಕಿದ್ದ ಕಡೆ, ಕಬ್ಬಿಣ ಮೊಳಗೈ ದಪ್ಪದಲ್ಲಿ ಕೆಲಸ ಮುಗಿಸುತ್ತದೆ. ಮದುವೆಯ ಮಂಟಪದಲ್ಲಿ ಕೂತವರಿಗೆ ಕಂಬ ಅಡ್ಡ ಬರುವುದಿಲ್ಲ.

ಈ ಕಬ್ಬಿಣದ ಕಂಬಗಳನ್ನು ನೇರವಾಗಿ ನೆಲದ ಮೇಲೆ ನಿಲ್ಲಿಸಿಲ್ಲ, ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್, ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆಗಳನ್ನು ಕಂಡವರಿಗೆ ಇದು ಪರಿಚಿತ. ಅಲ್ಲಿ ತೇಗದ ಕಂಬಗಳಿಗೂ ಕೆಳಗೆ ಕಲ್ಲಿನ ಪೀಠವೇ. ಮರಕ್ಕೆ ನೆಲದ ತೇವ, ಗೆದ್ದಲು ತಾಗಬಾರದೆಂದು ಮಾಡಿಕೊಂಡ ಉಪಾಯ ಅದು. ದಿನವೂ ನೀರು ಹಾಕಿ ನೆಲ ತೊಳೆಯುವ ಮನೆಯಲ್ಲಿ ಕಬ್ಬಿಣದ ಬುಡ ತುಕ್ಕು ಹಿಡಿಯದಿರಲು ಅದೇ ಉಪಾಯ ಸಾಕಾಯಿತು. ಹೊಸ ವಸ್ತು ಬಂದರೂ ಅದನ್ನು ನಿಲ್ಲಿಸುವ ರೀತಿ ಊರಿನದೇ ಉಳಿಯಿತು. ಮುಖಭಾಗದ ಗ್ರೀಕ್ ಕಂಬಗಳಿಗಿಂತ ಈ ಚಿಕ್ಕ ಪೀಠಗಳು ಮೈಸೂರಿನ ಕಟ್ಟೋಣದ ಬಗ್ಗೆ ಹೆಚ್ಚು ಹೇಳುತ್ತವೆ ಎಂದರೆ ತಪ್ಪಾಗದು.

ಗಾಜಿನ ಕೆಲಸವನ್ನು ಕಡೆಗೆ ಎತ್ತಿಕೊಳ್ಳಲಾಗಿದೆ. ಬಣ್ಣದ ಗಾಜೆಂದರೆ ಗಾಜಿನ ಮೇಲೆ ಬಳಿದ ಬಣ್ಣವೆಂಬ ತಿಳಿವಳಿಕೆ ಸಾಮಾನ್ಯ. ಮೂಲತಃ ಗಾಜು ಕರಗುವಾಗಲೇ ಲೋಹದ ಭಸ್ಮಗಳನ್ನು ಬೆರೆಸಿ ಬಣ್ಣ ತರುತ್ತಾರೆ: ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು. ಎಲೆಯ ನರ, ಹೂವಿನ ಎಸಳಿನ ಗೆರೆಗಳನ್ನು ಮಾತ್ರ ಮೇಲೆ ಬರೆದು ಮತ್ತೆ ಕುಲುಮೆಯಲ್ಲಿ ಸುಡುತ್ತಾರೆ. ನಮೂನೆಗೆ ತಕ್ಕಂತೆ ಕತ್ತರಿಸಿದ ಚೂರುಗಳನ್ನು ಎರಡು ಬದಿಗೂ ಕಾಲುವೆಯಿರುವ ಸೀಸದ ಪಟ್ಟಿಯಲ್ಲಿ ಕೂರಿಸಿ, ಪಟ್ಟಿ ಸೇರುವಲ್ಲಿ ಬೆಸುಗೆ ಹಾಕುತ್ತಾರೆ. ಸೀಸ ಮೆತ್ತನೆಯ ಲೋಹ. ಬಾಗುತ್ತದೆ ಎಂಬ ಕಾರಣಕ್ಕೇ ಅದನ್ನು ಆರಿಸಿಕೊಳ್ಳುವುದು; ಕಾಲಾಂತರದಲ್ಲಿ ಜಗ್ಗುತ್ತದೆ ಎಂಬುದೂ ಅದೇ ಗುಣದ ಇನ್ನೊಂದು ಮಗ್ಗುಲು. ಕಿಟಕಿಯಲ್ಲಿ ನಿಂತ ಗಾಜಿಗಿಂತ ತಲೆಯ ಮೇಲೆ ಮಲಗಿದ ಅಥವಾ ಓರೆಯಾದ ಗಾಜಿಗೆ ಈ ಜಗ್ಗುವಿಕೆ ಬಹಳ ಹೆಚ್ಚು. ಮೈಸೂರಿನ ಬಿಸಿಲು ಸೀಸವನ್ನು ದಿನವೂ ಹಿಗ್ಗಿಸಿ ರಾತ್ರಿ ಕುಗ್ಗಿಸುತ್ತದೆ. ಕೋತಿ, ಪಾರಿವಾಳಗಳ ಕಾಟ ಬೇರೆ. ಗುಮ್ಮಟದ ಗಾಜು ಉಳಿಯಬೇಕಾದರೆ ಅದರ ಹೊರಗೆ ಮಳೆ ತಡೆಯುವ ಇನ್ನೊಂದು ಹೊದಿಕೆ ಸುಸ್ಥಿತಿಯಲ್ಲಿರಬೇಕು.

ಇಲ್ಲಿಂದ ನಾಲ್ಕನೆಯ ವಿಚಾರ, ಕೈ ಬದಲಾದ ಮೇಲಿನ ಕಥೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾದರೂ ಸ್ನಾತಕೋತ್ತರ ವಿಭಾಗಗಳಿಗೆ ಒಂದೇ ಕಡೆ ನೆಲೆ ಇರಲಿಲ್ಲ. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಊರ ಪಡುವಣದ ಈ ವಿಶಾಲ ಜಾಗ ವಿಶ್ವವಿದ್ಯಾನಿಲಯಕ್ಕೆ ಬಂತು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಜಾಗದ ಜೊತೆ ಅರಮನೆಯೂ ಬಂದಿತು.

1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಊರೂರು ತಿರುಗಿ ವಸ್ತುಗಳನ್ನು ಕೂಡಿಹಾಕಿದರು, ಕನ್ನಡ ವಿದ್ವಾಂಸ ದೇ. ಜವರೇಗೌಡರ ಬೆಂಬಲ ಹಿಂದಿತ್ತು. ಸೋಮನ ಕುಣಿತದ ಮುಖವಾಡ, ಯಕ್ಷಗಾನದ ವೇಷಭೂಷಣ, ತೊಗಲುಬೊಂಬೆ, ನೇಗಿಲು ಕೂರಿಗೆ, ಬುಟ್ಟಿ ಮೊರ, ಅಳತೆಯ ಸೇರು ಪಾವು ರಾಜಕುಮಾರಿಯ ಕೋಣೆಗಳನ್ನು ತುಂಬಿದವು. ವಸ್ತುಗಳಿಗೆ ನೆಲೆ ಸಿಕ್ಕಿತು, ಕಟ್ಟಡ ಪಾಳು ಬೀಳುವುದು ತಪ್ಪಿತು. ಆದರೆ ಪ್ರದರ್ಶನದ ಕಪಾಟುಗಳ ಹಿಂದೆ ಗೋಡೆ ಮರೆಯಾಯಿತು. ಮರೆಯಾದ ಗೋಡೆಯ ತೇವವನ್ನು ಯಾರೂ ಗಮನಿಸುವುದಿಲ್ಲ. ನೂರಿಪ್ಪತ್ತೈದು ಕೋಣೆಯ ಮನೆಗೆ ಹಿಂದೆ ಇದ್ದದ್ದು ವರ್ಷವರ್ಷವೂ ಸುಣ್ಣ ಬಳಿದು, ಮಳೆಗೆ ಮುಂಚೆ ತಾರಸಿಯ ಸಂದಿ ಮುಚ್ಚುವ ಆಳುಗಳ ಪಡೆ. ಸಂಸ್ಥೆಗಳ ಕೈಗೆ ಬಂದ ಹಳೆಯ ಮನೆಗಳಿಗೆಲ್ಲ ಮೊದಲು ಕಡಿಮೆಯಾಗುವುದು ಈ ಚಿಕ್ಕ ಚಾಕರಿ.

ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದೊಡ್ಡ ಮಟ್ಟದ ದುರಸ್ತಿ ನಡೆಯಿತು. ಮುಖಭಾಗ ಮತ್ತೆ ಬೆಳಗಿತು. ಆ ಬಳಿಕವೂ ಚಾವಣಿಯ ಸೋರಿಕೆ, ಮರದ ಕೊಳೆತ ಕಾಡುತ್ತಲೇ ಬಂದಿವೆ. ಇದರಲ್ಲಿ ಹೊಸದೇನಿಲ್ಲ. ಮಣ್ಣಿನಲ್ಲಿ ಕಟ್ಟಿದ, ಮರದ ತೊಲೆ ಹೊತ್ತ ಕಟ್ಟಡವನ್ನು ಒಂದು ಸಲ ಸರಿಪಡಿಸಿ ಇಪ್ಪತ್ತು ವರ್ಷ ಬಿಟ್ಟುಬಿಡಲಾಗದು.

ದುರಸ್ತಿಯ ವಸ್ತುವಿನ ಬಗ್ಗೆಯೂ ಒಂದು ಮಾತು ಅಗತ್ಯ. ಸುಣ್ಣದ ಗಾರೆ ಉದುರಿದ ಕಡೆ ಸಿಮೆಂಟು ಬಳಿಯುವುದು ನಾಡಿನುದ್ದಕ್ಕೂ ಕಾಣುವ ಚಾಳಿ. ಸಿಮೆಂಟು ಗಡುಸು, ಬೇಗ ಒಣಗುತ್ತದೆ, ಮೇಸ್ತ್ರಿಗೆ ಅಭ್ಯಾಸವಿದೆ. ಆದರೆ ಅದು ಉಸಿರಾಡದು. ಒಳಗೆ ಸೇರಿದ ತೇವ ಹೊರಗೆ ಬರಲಾರದೆ, ಮಣ್ಣನ್ನು ಮೆತ್ತಗೆ ಮಾಡಿ, ಲವಣಗಳನ್ನು ಎಳೆದು ತಂದು, ಸಿಮೆಂಟಿನ ಹಿಂದೆಯೇ ಗೋಡೆಯನ್ನು ಪುಡಿಮಾಡುತ್ತದೆ. ಕೆಲ ವರ್ಷಗಳಲ್ಲಿ ಸಿಮೆಂಟಿನ ಹಪ್ಪಳ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಆಗಬೇಕು. ಹಾಗೆಯೇ ಕೆಲಸದ ಅನುಕ್ರಮ: ಮೊದಲು ತಾರಸಿ ಮತ್ತು ಮಳೆನೀರಿನ ಹಾದಿ, ಆಮೇಲೆ ತೊಲೆ ಜಂತಿ, ಆಮೇಲೆ ಗೋಡೆ ಗಾರೆ, ಕಡೆಗೆ ಗಾಜು, ಬಣ್ಣ, ಚಿನ್ನದ ರೇಕು. ಹಣ ಕೊಡುವವರಿಗೂ ಉದ್ಘಾಟನೆಗೆ ಬರುವವರಿಗೂ ಕಾಣುವುದು ಕಡೆಯ ಮೂರು. ಹಾಗಾಗಿ ಅನೇಕ ಕಡೆ ಅನುಕ್ರಮ ತಿರುಗುಮುರುಗಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ, ಡೆಕ್ಕನ್ ಹೆರಿಟೇಜ್ ಫೌಂಡೇಶನ್ನಿನ ಸಹಭಾಗಿತ್ವದಲ್ಲಿ ಕಟ್ಟಡದ ಪಶ್ಚಿಮ ಭಾಗದ ಸಂರಕ್ಷಣೆಯನ್ನು ಕೈಗೆತ್ತಿಕೊಳ್ಳಲಾಗಿದೆ. ಸುಮಾರು 6,500 ಜಾನಪದ ವಸ್ತುಗಳ ರಕ್ಷಣೆಯೂ ಅದೇ ಯೋಜನೆಯೊಳಗೆ ಸೇರಿದೆ. ಎರಡನ್ನೂ ಒಟ್ಟಿಗೆ ಹಿಡಿದದ್ದು ಸರಿಯಾದ ಕ್ರಮ. ತೊಗಲು, ಮರ, ಬಟ್ಟೆ, ಬಿದಿರುಗಳ ಈ ಸಂಗ್ರಹಕ್ಕೆ ಬೂಷ್ಟು ಹಿಡಿಯುವುದೂ ಮೇಲಿನ ಜಂತಿ ಕೊಳೆಯುವುದೂ ಒಂದೇ ನೀರಿನಿಂದ. ತಾರಸಿ ನಿಂತರೆ ಎರಡೂ ನಿಲ್ಲುತ್ತವೆ.